508ನೇ ಕಲಮಿನ ಕತೆ

1977ರ ನವೆಂಬರ್ 4ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 418ನೇ ನಿರ್ಣಯದ ಮೂಲಕ, ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾಕ್ಕೆ ಯಾರೂ ಆಯುಧ ಕೊಡಕೂಡದು ಎಂದು ಕಡ್ಡಾಯ ನಿರ್ಬಂಧ ಹೇರಿತು. ಅದರ ಹಿಂದೆ 1960ರಲ್ಲಿ ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ ಬಲಿಯಾದವರಿದ್ದರು. ಸರ್ಕಾರಿ ಲೆಕ್ಕದಲ್ಲೇ 69 ಜನ. 1976ರ ಸೊವೆಟೊದ ಶಾಲಾಮಕ್ಕಳಿದ್ದರು. ಪೊಲೀಸ್ ವಶದಲ್ಲಿ ಸತ್ತ ಸ್ಟೀವ್ ಬಿಕೊ ಇದ್ದರು. 1963ರಲ್ಲೇ ಮಂಡಳಿ ಇಂಥದೊಂದು ಕರೆ ಕೊಟ್ಟಿತ್ತು. ಅದು ಕಡ್ಡಾಯವಲ್ಲದ್ದರಿಂದ ಫ್ರಾನ್ಸ್ ಮಿರಾಜ್ ಯುದ್ಧವಿಮಾನಗಳನ್ನು ಮಾರುತ್ತಲೇ ಇತ್ತು.

ಸಂಶೋಧನೆಗಾಗಿ ಈ ಇತಿಹಾಸವನ್ನು ಓದುವಾಗ ನನ್ನನ್ನು ಮತ್ತೆ ಮತ್ತೆ ಕಾಡುವ ಪ್ರಶ್ನೆ ಇದು: ನ್ಯೂಯಾರ್ಕಿನ ಸಭೆಯಲ್ಲಿ ಎತ್ತಿದ ಕೈ ಬಂದರಿನಲ್ಲಿ ನಿಂತ ಹಡಗನ್ನು ತಡೆಯುತ್ತದೆಯೇ? ತಡೆಯಬೇಕಾದವರು ಆಯಾ ದೇಶದ ಕಸ್ಟಮ್ಸ್ ಅಧಿಕಾರಿಗಳು. ಅವರಿಗೆ ಬಲ ಕೊಡುವುದು ಆಯಾ ದೇಶದ ಕಾಯ್ದೆ. ಭಾರತ 1946ರಲ್ಲಿ ದಕ್ಷಿಣ ಆಫ್ರಿಕಾದೊಡನೆ ವ್ಯಾಪಾರ ಕಡಿದುಕೊಂಡಾಗಲೂ ಯಾರ ನಿರ್ಣಯಕ್ಕೂ ಕಾಯಲಿಲ್ಲ, ತಾನೇ ಆದೇಶ ಹೊರಡಿಸಿತು.

ಕಾಯ್ದೆ ಇದ್ದರೂ ಶಿಕ್ಷೆ ಹಗುರವಾದರೆ ಏನಾಗುತ್ತದೆ ಎಂಬುದಕ್ಕೆ ಜೆರಾಲ್ಡ್ ಬುಲ್ ಪ್ರಕರಣ ನೋಡಿ. ಕೆನಡಾ ಮತ್ತು ಅಮೆರಿಕದ ಗಡಿಯ ಮೇಲಿದ್ದ ಈ ಎಂಜಿನಿಯರನ ಕಂಪನಿ 155 ಮಿಲಿಮೀಟರಿನ ಸಾವಿರಾರು ಫಿರಂಗಿ ಗುಂಡುಗಳನ್ನು ದಕ್ಷಿಣ ಆಫ್ರಿಕಾಕ್ಕೆ ಸಾಗಿಸಿತು. ಇದಕ್ಕೆ ಕೆರಿಬಿಯನ್ನಿನ ಪುಟ್ಟ ದ್ವೀಪ ಆಂಟಿಗುವಾದ ಹೆಸರು ಬಳಸಿಕೊಂಡಿತು. 1980ರಲ್ಲಿ ಆತ ತಪ್ಪೊಪ್ಪಿಕೊಂಡ. ಜೈಲಿನಲ್ಲಿದ್ದದ್ದು ಆರು ತಿಂಗಳಿಗೂ ಕಡಿಮೆ. ಅವನು ಕೊಟ್ಟ ತಂತ್ರಜ್ಞಾನ ಮಾತ್ರ ದಕ್ಷಿಣ ಆಫ್ರಿಕಾದ ಜಿ-5 ಫಿರಂಗಿಯಾಗಿ ಉಳಿಯಿತು.

1986ರಲ್ಲಿ ಅಮೆರಿಕದ ಕಾಂಗ್ರೆಸ್ ಸಮಗ್ರ ವರ್ಣಭೇದ ವಿರೋಧಿ ಕಾಯ್ದೆಯನ್ನು ಅಂಗೀಕರಿಸಿತು. ಅಧ್ಯಕ್ಷ ರೇಗನ್ ವಿಟೊ ಹಾಕಿದರು. ಕೆಳಮನೆ 313–83, ಸೆನೆಟ್ 78–21 ಮತಗಳಿಂದ ಆ ವಿಟೊವನ್ನು ತಳ್ಳಿಹಾಕಿದವು. ಆ ಕಾಯ್ದೆಯ 508ನೇ ಕಲಮು ಕೇಳಿದ್ದು ಒಂದು ವರದಿಯನ್ನಷ್ಟೆ: ಆಯುಧ ನಿರ್ಬಂಧವನ್ನು ಯಾವ ಯಾವ ದೇಶಗಳು ಮುರಿಯುತ್ತಿವೆ? ಅಂಥವರಿಗೆ ಅಮೆರಿಕದ ಸೇನಾ ನೆರವು ನಿಲ್ಲಿಸುವ ಮಾತೂ ಅದರ ಜೊತೆಗಿತ್ತು.

ವರದಿ ಸಲ್ಲಿಕೆಯಾಗುವ ಮೊದಲೇ, 1987ರ ಮಾರ್ಚಿನಲ್ಲಿ, ಅಮೆರಿಕದ ನೆರವನ್ನು ನೆಚ್ಚಿಕೊಂಡಿದ್ದ ಇಸ್ರೇಲಿನ ಸಚಿವ ಸಂಪುಟ ದಕ್ಷಿಣ ಆಫ್ರಿಕಾದೊಡನೆ ಹೊಸ ರಕ್ಷಣಾ ಒಪ್ಪಂದ ಮಾಡಿಕೊಳ್ಳುವುದಿಲ್ಲ ಎಂದು ತೀರ್ಮಾನಿಸಿತು. ಹತ್ತು ವರ್ಷದ ನಿರ್ಣಯಕ್ಕೆ ಬಗ್ಗದ್ದು ಹೆಸರು ಹೊರಬೀಳುವ, ಹಣ ನಿಲ್ಲುವ ಭಯಕ್ಕೆ ಬಗ್ಗಿತು. ಹಾಗೆಂದು ಪೂರ್ತಿ ಗೆಲುವೆನ್ನಲಾರೆ. ಹಳೆಯ ಒಪ್ಪಂದಗಳು ಮುಂದುವರಿದವು, ಆ ಸಂದಿಯಲ್ಲೇ ಸರಕು ಸಾಗಿತು.

ಮಂಡೇಲಾ ಅಧ್ಯಕ್ಷರಾದ ಮೇಲೆ, 1994ರ ಮೇ ತಿಂಗಳಲ್ಲಿ, ಭದ್ರತಾ ಮಂಡಳಿ ನಿರ್ಬಂಧವನ್ನು ತೆಗೆಯಿತು. ಇಂದು ಯಾವುದೇ ದೇಶದ ಮೇಲೆ ಆಯುಧ ನಿರ್ಬಂಧ ಬಂತೆಂಬ ಸುದ್ದಿ ಓದಿದರೆ ನಾನು ಮೊದಲು ಹುಡುಕುವುದು ಇಷ್ಟೇ: ಮುರಿದವರ ಹೆಸರು ಬರೆಯುವವರು ಯಾರು, ಬರೆದ ಮೇಲೆ ಅವರು ಕಳೆದುಕೊಳ್ಳುವುದೇನು?