ಆರೈಕೆ ಪಥಗಳ ಬಗೆಗಿನ ವೈದ್ಯರ ತೃಪ್ತಿಯ ಮಾಪನ

ನಿರ್ದಿಷ್ಟ ಕಾಯಿಲೆಗಾಗಿ ಅಥವಾ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಗೆ ದಾಖಲಾದ ರೋಗಿಗೆ ಯಾವ ದಿನ ಯಾವ ಪರೀಕ್ಷೆ, ಔಷಧ, ಆಹಾರ, ವ್ಯಾಯಾಮ ಮತ್ತು ಶುಶ್ರೂಷೆ ದೊರೆಯಬೇಕೆಂಬುದನ್ನು ಮುಂಚಿತವಾಗಿಯೇ ಗೊತ್ತುಪಡಿಸಿ ಬರೆದಿಟ್ಟ ಯೋಜನೆಗೆ ಆರೈಕೆ ಪಥ ಅಥವಾ ಕ್ಲಿನಿಕಲ್ ಪಾಥ್‌ವೇ ಎಂದು ಹೆಸರು. ಇಂಥ ಯೋಜನೆಯು ಕೆಲಸಕ್ಕೆ ಎಷ್ಟು ನೆರವಾಗುತ್ತದೆ, ರೋಗಿಗೆ ಎಷ್ಟು ಹಿತವನ್ನುಂಟುಮಾಡುತ್ತದೆ, ಸ್ವಂತ ವಿವೇಚನೆಗೆ ಎಷ್ಟು ಅವಕಾಶ ಉಳಿಸುತ್ತದೆ ಎಂಬ ವಿಷಯಗಳಲ್ಲಿ ಅದನ್ನು ಬಳಸುವ ವೈದ್ಯರ ಅಭಿಪ್ರಾಯಗಳನ್ನು ಕ್ರಮಬದ್ಧವಾಗಿ ಸಂಗ್ರಹಿಸಿ, ಅಂಕಗಳಾಗಿ ಪರಿವರ್ತಿಸಿ, ವಿಶ್ಲೇಷಿಸುವ ಕಾರ್ಯವನ್ನು ವೈದ್ಯರ ತೃಪ್ತಿಯ ಮಾಪನ ಎನ್ನಲಾಗುತ್ತದೆ. ಆಸ್ಪತ್ರೆಯ ಗುಣಮಟ್ಟ ನಿರ್ವಹಣೆ, ಆರೋಗ್ಯ ಸೇವಾ ಸಂಶೋಧನೆ ಮತ್ತು ಮನೋಮಾಪನ ಶಾಸ್ತ್ರಗಳು ಈ ಕ್ಷೇತ್ರದಲ್ಲಿ ಕೂಡುತ್ತವೆ.

ಹಿನ್ನೆಲೆ

ಆರೈಕೆ ಪಥದ ಮೂಲ ಕಲ್ಪನೆ ವೈದ್ಯಕೀಯಕ್ಕೆ ಬಂದದ್ದು ಕೈಗಾರಿಕೆಯಿಂದ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿ ತನ್ನ ಕಾರ್ಖಾನೆಗಳ ಕೆಲಸಕ್ಕೂ ಅಲ್ಲಿನ ನೌಕಾಪಡೆ ಪೊಲಾರಿಸ್ ಕ್ಷಿಪಣಿಯ ತಯಾರಿಕೆಗೂ ಬಳಸಿದ ವೇಳಾ ಯೋಜನಾ ವಿಧಾನಗಳಲ್ಲಿ, ಯಾವ ಕೆಲಸ ತಡವಾದರೆ ಇಡೀ ಯೋಜನೆಯೇ ತಡವಾಗುತ್ತದೆಂಬುದನ್ನು ಮೊದಲೇ ಗುರುತಿಸಲಾಗುತ್ತಿತ್ತು. 1983ರಲ್ಲಿ ಅಮೆರಿಕದ ಮೆಡಿಕೇರ್ ವಿಮಾ ವ್ಯವಸ್ಥೆಯು ಆಸ್ಪತ್ರೆಗಳು ಮಾಡಿದ ಖರ್ಚನ್ನು ತುಂಬಿಕೊಡುವ ಪದ್ಧತಿಯನ್ನು ಕೈಬಿಟ್ಟು, ಕಾಯಿಲೆಯ ವರ್ಗಕ್ಕೆ ತಕ್ಕಂತೆ ಮೊದಲೇ ನಿಗದಿಯಾದ ಮೊತ್ತವನ್ನು ಕೊಡಲಾರಂಭಿಸಿದಾಗ, ರೋಗಿ ಅನಗತ್ಯವಾಗಿ ಉಳಿದುಕೊಂಡ ಪ್ರತಿಯೊಂದು ದಿನವೂ ಆಸ್ಪತ್ರೆಗೆ ನಷ್ಟವಾಗತೊಡಗಿತು. ಈ ಸನ್ನಿವೇಶದಲ್ಲಿ, 1980ರ ದಶಕದ ಮಧ್ಯಭಾಗದಲ್ಲಿ, ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಮೆಡಿಕಲ್ ಸೆಂಟರಿನಲ್ಲಿ ಶುಶ್ರೂಷಾ ತಜ್ಞೆ ಕರೆನ್ ಝ್ಯಾಂಡರ್ ಮತ್ತು ಸಹೋದ್ಯೋಗಿಗಳು ವೇಳಾ ಯೋಜನೆಯ ವಿಧಾನವನ್ನು ರೋಗಿಗಳ ಆರೈಕೆಗೆ ಅಳವಡಿಸಿದರು. 1990ರ ದಶಕದಲ್ಲಿ ಇದು ಬ್ರಿಟನ್ನಿಗೂ ಯುರೋಪಿನ ಇತರ ದೇಶಗಳಿಗೂ ಹರಡಿತು. 2004ರಲ್ಲಿ ಯುರೋಪಿಯನ್ ಪಾಥ್‌ವೇ ಅಸೋಸಿಯೇಷನ್ ಸ್ಥಾಪನೆಯಾಯಿತು.

ಪಥದ ರಚನೆ

ಸಾಮಾನ್ಯವಾಗಿ ಆರೈಕೆ ಪಥ ಒಂದು ಕೋಷ್ಟಕದ ರೂಪದಲ್ಲಿರುತ್ತದೆ. ಮಂಡಿ ಕೀಲು ಬದಲಾವಣೆಯ ಪಥವನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಅದರ ಒಂದು ಬದಿಯಲ್ಲಿ ದಿನಗಳೂ ಇನ್ನೊಂದು ಬದಿಯಲ್ಲಿ ಆರೈಕೆಯ ವಿಭಾಗಗಳೂ ಇರುತ್ತವೆ. ಶಸ್ತ್ರಚಿಕಿತ್ಸೆಗೆ ಮುಂಚಿನ ರಕ್ತಪರೀಕ್ಷೆ ಮತ್ತು ಅರಿವಳಿಕೆ ತಜ್ಞರ ತಪಾಸಣೆ, ಅನಂತರದ ನೋವು ಶಮನ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ, ರೋಗಿಯನ್ನು ಎಬ್ಬಿಸಿ ವಾಕರ್ ಹಿಡಿಸಿ ನಡೆಸುವ ದಿನ, ಮೆಟ್ಟಿಲು ಹತ್ತಿಸಿ ನೋಡುವ ದಿನ ಹಾಗೂ ಮನೆಗೆ ಕಳುಹಿಸಲು ಪೂರೈಸಬೇಕಾದ ಷರತ್ತುಗಳು ಆಯಾ ಚೌಕದಲ್ಲಿ ನಮೂದಾಗಿರುತ್ತವೆ. ರೋಗಿಗೆ ಎರಡನೆಯ ದಿನ ಜ್ವರ ಬಂದು ನಡಿಗೆ ಮುಂದಕ್ಕೆ ಹೋದರೆ ಅದನ್ನು ಕಾರಣಸಹಿತ ಬರೆದಿಡಬೇಕು; ಇದಕ್ಕೆ ವಿಚಲನೆ ಎಂದು ಹೆಸರು. ಪಥದಿಂದ ಹೊರಗೆ ಹೋಗಲು ವೈದ್ಯರಿಗೆ ಸ್ವಾತಂತ್ರ್ಯವಿದೆ, ಆದರೆ ಹೋದದ್ದೇಕೆಂಬುದನ್ನು ದಾಖಲಿಸುವ ಹೊಣೆಯೂ ಅವರದೇ. ತೃಪ್ತಿಯ ಪ್ರಶ್ನೆ ಮುಖ್ಯವಾಗಿ ಹುಟ್ಟುವುದು ಈ ಸ್ವಾತಂತ್ರ್ಯ ಮತ್ತು ಹೊಣೆಗಳ ನಡುವೆ.

ಮಾಪನದ ಅಗತ್ಯ

ಚಿಕಿತ್ಸೆಯ ಆದೇಶಕ್ಕೆ ಸಹಿ ಹಾಕುವವರು ವೈದ್ಯರಾದ್ದರಿಂದ, ಅವರು ಮನಸಾರೆ ಒಪ್ಪದ ಪಥ ಕಡತದಲ್ಲೇ ಉಳಿಯುತ್ತದೆ. ವೈದ್ಯರು ಮಾರ್ಗಸೂಚಿಗಳನ್ನು ಏಕೆ ಪಾಲಿಸುವುದಿಲ್ಲವೆಂಬುದನ್ನು ಕುರಿತು ಮೈಕಲ್ ಕಬಾನಾ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ವಿಮರ್ಶೆಯು 76 ಲೇಖನಗಳನ್ನು ಪರಿಶೀಲಿಸಿ 293 ಸಂಭಾವ್ಯ ತಡೆಗಳನ್ನು ಗುರುತಿಸಿತು ಮತ್ತು ಅವುಗಳನ್ನು ತಿಳಿವಳಿಕೆ, ಮನೋಭಾವ, ನಡವಳಿಕೆ ಎಂಬ ಮೂರು ನೆಲೆಗಳಲ್ಲಿ ವಿಂಗಡಿಸಿತು. ಮಾರ್ಗಸೂಚಿ ಇರುವುದೇ ಗೊತ್ತಿಲ್ಲದ ವೈದ್ಯ, ಗೊತ್ತಿದ್ದೂ ಒಪ್ಪದ ವೈದ್ಯ, ಒಪ್ಪಿದರೂ ಸಮಯವೋ ಸಲಕರಣೆಯೋ ಇಲ್ಲದ ವೈದ್ಯ, ಈ ಮೂವರೂ ಹೊರನೋಟಕ್ಕೆ ಒಂದೇ ರೀತಿ ಕಾಣುತ್ತಾರೆ. ಆದರೆ ಅವರಿಗೆ ಬೇಕಾದ ಪರಿಹಾರಗಳು ಬೇರೆ ಬೇರೆ. ಸಿದ್ಧ ಪಥಗಳನ್ನು ಪಾಕಪುಸ್ತಕದ ವೈದ್ಯವೆಂದು ಹಳಿಯುವ ವೃತ್ತಿಪರ ಆಕ್ಷೇಪವು ಎರಡನೆಯ ಗುಂಪಿಗೆ ಸೇರುತ್ತದೆ.

ವಿಧಾನ ಮತ್ತು ಸಾಧನಗಳು

ಮಾಪನದ ಮುಖ್ಯ ಸಾಧನ ಪ್ರಶ್ನಾವಳಿ. ರೆನ್ಸಿಸ್ ಲೈಕರ್ಟ್ 1932ರಲ್ಲಿ ರೂಪಿಸಿದ ವಿಧಾನದಂತೆ, ಒಂದು ಹೇಳಿಕೆಯನ್ನು ಮುಂದಿಟ್ಟು, ಅದನ್ನು ಸಂಪೂರ್ಣವಾಗಿ ಒಪ್ಪುವುದರಿಂದ ಹಿಡಿದು ಸ್ವಲ್ಪವೂ ಒಪ್ಪದಿರುವವರೆಗಿನ ಐದು ಹಂತಗಳಲ್ಲಿ ಒಂದನ್ನು ಗುರುತಿಸಲು ಕೇಳಲಾಗುತ್ತದೆ. ಪಥದ ವೈಜ್ಞಾನಿಕ ಆಧಾರ, ಬಳಕೆಯ ಸುಲಭತೆ, ದಾಖಲೆ ಬರೆಯುವ ಹೊರೆ, ವೃತ್ತಿ ಸ್ವಾತಂತ್ರ್ಯ, ದಾದಿಯರೊಂದಿಗಿನ ಹೊಂದಾಣಿಕೆ, ರೋಗಿಯ ಸುರಕ್ಷೆ, ಪಥ ರಚನೆಯಲ್ಲಿ ತಮ್ಮ ಮಾತಿಗೆ ಸಿಕ್ಕ ಮನ್ನಣೆ ಮೊದಲಾದವನ್ನು ಪ್ರತ್ಯೇಕ ಹೇಳಿಕೆಗಳಿಂದ ಅಳೆಯುವುದು ಕ್ರಮ. ಒಂದೇ ಅಂಶವನ್ನು ಅಳೆಯುವ ಹೇಳಿಕೆಗಳಿಗೆ ಬಂದ ಉತ್ತರಗಳು ಪರಸ್ಪರ ಹೊಂದುತ್ತವೆಯೇ ಎಂಬುದನ್ನು ಲೀ ಕ್ರೋನ್‌ಬಾಕ್ 1951ರಲ್ಲಿ ವಿವರಿಸಿದ ಆಲ್ಫಾ ಗುಣಾಂಕದಿಂದ ಪರೀಕ್ಷಿಸುತ್ತಾರೆ. ಇದು ವಿಶ್ವಸನೀಯತೆಯ ಒಂದು ಅಳತೆ. ಅಳೆಯಬೇಕೆಂದುಕೊಂಡದ್ದನ್ನೇ ಪ್ರಶ್ನಾವಳಿ ಅಳೆಯುತ್ತಿದೆಯೇ ಎಂಬುದು ಸಿಂಧುತ್ವದ ಪ್ರಶ್ನೆ; ಇದಕ್ಕೆ ತಜ್ಞರ ಪರಿಶೀಲನೆ ಮತ್ತು ಯಾವ ಹೇಳಿಕೆಗಳ ಉತ್ತರಗಳು ಒಟ್ಟಾಗಿ ಗುಂಪುಗೂಡುತ್ತವೆಂಬುದನ್ನು ನೋಡುವ ಅಂಶ ವಿಶ್ಲೇಷಣೆ ಬೇಕಾಗುತ್ತವೆ.

ಪಥವು ಕಂಪ್ಯೂಟರಿನಲ್ಲಿದ್ದರೆ, ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ, 10 ಹೇಳಿಕೆಗಳ ಮತ್ತು 0ಯಿಂದ 100ರವರೆಗೆ ಅಂಕ ನೀಡುವ ಸಿಸ್ಟಮ್ ಯೂಸಬಿಲಿಟಿ ಸ್ಕೇಲನ್ನು ಬಳಸಬಹುದು. ಬೆಲ್ಜಿಯಂ ಮತ್ತು ನೆದರ್‌ಲೆಂಡ್ಸ್‌ಗಳಲ್ಲಿ ಕ್ರಿಸ್ ವಾನ್‌ಹೆಕ್ಟ್ ಮತ್ತು ಸಂಗಡಿಗರು ಸಿದ್ಧಪಡಿಸಿದ ಆರೈಕೆ ಪ್ರಕ್ರಿಯೆಯ ಸ್ವಮೌಲ್ಯಮಾಪನ ಸಾಧನವು 29 ಹೇಳಿಕೆಗಳನ್ನು ಐದು ಉಪವಿಭಾಗಗಳಲ್ಲಿ ಹೊಂದಿದೆ: ರೋಗಿಕೇಂದ್ರಿತ ವ್ಯವಸ್ಥೆ, ಆರೈಕೆಯ ಸಮನ್ವಯ, ರೋಗಿ ಮತ್ತು ಕುಟುಂಬದೊಂದಿಗಿನ ಸಂವಹನ, ಪ್ರಾಥಮಿಕ ಆರೈಕೆಯೊಂದಿಗಿನ ಸಹಕಾರ ಮತ್ತು ಪ್ರಕ್ರಿಯೆಯ ಮೇಲ್ವಿಚಾರಣೆ. ಇದು ಇಡೀ ತಂಡದ ದೃಷ್ಟಿಯಲ್ಲಿ ಆರೈಕೆ ಎಷ್ಟು ವ್ಯವಸ್ಥಿತವಾಗಿದೆಯೆಂಬುದನ್ನು ಅಳೆಯುವುದರಿಂದ ತೃಪ್ತಿಯ ಅಳತೆಗೆ ಪೂರಕವೇ ಹೊರತು ಪರ್ಯಾಯವಲ್ಲ.

ಹೇಳಿಕೆಯ ಆಯ್ಕೆ ಫಲಿತಾಂಶವನ್ನು ಎಷ್ಟು ಬದಲಿಸಬಲ್ಲದೆಂಬುದಕ್ಕೆ, ಪಥದ ಹತ್ತಿರದ ಬಂಧುವೆನ್ನಬಹುದಾದ ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷಾ ಪಟ್ಟಿ ಒಳ್ಳೆಯ ನಿದರ್ಶನ. ದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ಪ್ರಯೋಗಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದ ಈ 19 ಅಂಶಗಳ ಪಟ್ಟಿಯ ಬಗ್ಗೆ ಪ್ರಯೋಗದ ಕೊನೆಯಲ್ಲಿ 257 ವೈದ್ಯಕೀಯ ಸಿಬ್ಬಂದಿ ಉತ್ತರಿಸಿದರು. ಬಳಸಲು ಸುಲಭವೆಂದವರು ಶೇ. 80.2, ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆಂದವರು ಶೇ. 19.8, ತಮಗೇ ಶಸ್ತ್ರಚಿಕಿತ್ಸೆಯಾಗುವುದಾದರೆ ಪಟ್ಟಿಯನ್ನು ಬಳಸಬೇಕೆಂದವರು ಶೇ. 93.4. ಬಳಕೆಯ ತ್ರಾಸವನ್ನೂ ಪಟ್ಟಿಯ ಮೌಲ್ಯವನ್ನೂ ಒಂದೇ ಪ್ರಶ್ನೆಯಲ್ಲಿ ಕೇಳಿದ್ದರೆ ಈ ಅಂತರ ಮರೆಯಾಗುತ್ತಿತ್ತು.

ತೊಡಕುಗಳು

ಪಥವು ಉಪಯುಕ್ತ ಮತ್ತು ಸರಳವಾಗಿದೆ ಎಂಬಂಥ ಹೇಳಿಕೆ ಎರಡು ಸಂಗತಿಗಳನ್ನು ಒಟ್ಟಿಗೆ ಕೇಳುವುದರಿಂದ ಅದಕ್ಕೆ ಬಂದ ಉತ್ತರಕ್ಕೆ ನಿಶ್ಚಿತ ಅರ್ಥವಿರುವುದಿಲ್ಲ. ಸರಾಸರಿಯೂ ದಾರಿ ತಪ್ಪಿಸಬಹುದು: ಹತ್ತು ವೈದ್ಯರಿರುವ ಒಂದು ವಿಭಾಗದಲ್ಲಿ ಎಲ್ಲರೂ ಐದಕ್ಕೆ ಮೂರು ಅಂಕ ಕೊಟ್ಟರೆ ಬರುವ ಸರಾಸರಿ 3, ಇನ್ನೊಂದು ವಿಭಾಗದಲ್ಲಿ ಐವರು ಒಂದನ್ನೂ ಐವರು ಐದನ್ನೂ ಕೊಟ್ಟರೂ ಸರಾಸರಿ ಅಷ್ಟೇ. ಮೊದಲನೆಯದು ಉದಾಸೀನ, ಎರಡನೆಯದು ಒಡಕು. ಆದ್ದರಿಂದ ಸರಾಸರಿಯೊಂದಿಗೆ ಅಂಕಗಳ ಹಂಚಿಕೆಯನ್ನೂ ತೋರಿಸಬೇಕಾಗುತ್ತದೆ. ಬಿಡುವಿಲ್ಲದ ವೈದ್ಯರು ಪ್ರಶ್ನಾವಳಿಯನ್ನು ಮರಳಿಸದಿರುವುದು ಸಾಮಾನ್ಯವಾದುದರಿಂದ, ಉತ್ತರಿಸಿದವರ ತೃಪ್ತಿಯನ್ನು ಎಲ್ಲರ ತೃಪ್ತಿಯೆಂದು ಭಾವಿಸಲಾಗದು. ಹೆಸರು ಕೇಳದಿದ್ದರೂ ವಿಭಾಗ, ವಯಸ್ಸು, ಲಿಂಗ ಮತ್ತು ಸೇವಾವಧಿಗಳನ್ನು ಕೇಳಿದರೆ, ಸಣ್ಣ ವಿಭಾಗದಲ್ಲಿ ಉತ್ತರಿಸಿದವರು ಯಾರೆಂದು ಮೇಲಧಿಕಾರಿಗೆ ಸುಲಭವಾಗಿ ತಿಳಿಯುತ್ತದೆ. ಆಗ ಕಿರಿಯ ವೈದ್ಯರು ಮೆಚ್ಚುಗೆಯ ಉತ್ತರವನ್ನೇ ಬರೆಯುವ ಸಾಧ್ಯತೆಯಿದೆ. ಪಥ ಜಾರಿಯಾದ ಹೊಸತರಲ್ಲಿ ಕಲಿಕೆಯ ಶ್ರಮದಿಂದ ಅಂಕ ಇಳಿಯಬಹುದಾದ ಕಾರಣ, ಜಾರಿಗೆ ಮುಂಚೆ ಮತ್ತು ಅನಂತರ ಒಂದಕ್ಕಿಂತ ಹೆಚ್ಚು ಬಾರಿ ಅಳೆಯುವುದು ಉಚಿತ.

ತೃಪ್ತಿ ಮತ್ತು ಫಲಿತಾಂಶ

ತೃಪ್ತಿ ಬೇರೆ, ಪಥದ ಪರಿಣಾಮ ಬೇರೆ. 27 ಅಧ್ಯಯನಗಳನ್ನೂ 11,398 ಮಂದಿಯನ್ನೂ ಒಳಗೊಂಡ 2010ರ ಕಾಕ್ರೇನ್ ವಿಮರ್ಶೆಯು, ಪಥಗಳಿಂದ ಆಸ್ಪತ್ರೆಯಲ್ಲಿ ಉಂಟಾಗುವ ತೊಡಕುಗಳು ತಗ್ಗುತ್ತವೆ ಮತ್ತು ದಾಖಲೆ ಉತ್ತಮಗೊಳ್ಳುತ್ತದೆ ಎಂದು ಕಂಡುಕೊಂಡಿತು. ಆದರೆ ಒಳ್ಳೆಯ ಉದ್ದೇಶದ ಪಥವೂ ಕೆಡಬಹುದೆಂಬುದಕ್ಕೆ ಬ್ರಿಟನ್ನಿನ ಲಿವರ್‌ಪೂಲ್ ಕೇರ್ ಪಾಥ್‌ವೇ ಸಾಕ್ಷಿ. ಸಾವಿನಂಚಿನ ರೋಗಿಗಳ ಆರೈಕೆಗೆಂದು 1990ರ ದಶಕದ ಕೊನೆಯಲ್ಲಿ ರೂಪುಗೊಂಡ ಈ ಪಥವನ್ನು ಬ್ಯಾರನೆಸ್ ಜೂಲಿಯಾ ನ್ಯೂಬರ್ಗರ್ ನೇತೃತ್ವದ ಸಮಿತಿ 2013ರಲ್ಲಿ ಪರಿಶೀಲಿಸಿ, ಸರಿಯಾಗಿ ಬಳಸಿದಲ್ಲಿ ಅದು ನೆಮ್ಮದಿಯ ಸಾವಿಗೆ ನೆರವಾಗಿದ್ದರೂ ಹಲವೆಡೆ ಚೌಕಗಳಲ್ಲಿ ಬರಿಯ ಗುರುತು ಹಾಕುವ ಕೆಲಸವಾಗಿ ಮಾರ್ಪಟ್ಟಿದೆಯೆಂದು ವರದಿ ಮಾಡಿತು. 2014ರ ವೇಳೆಗೆ ಅದನ್ನು ಹಿಂತೆಗೆದುಕೊಳ್ಳಲಾಯಿತು. ಚೌಕಗಳು ಭರ್ತಿಯಾಗಿರುವುದು ಪಾಲನೆಯ ಪುರಾವೆಯಾದೀತೇ ಹೊರತು ಒಪ್ಪಿಗೆಯ ಪುರಾವೆಯಾಗದು.

ಭಾರತದ ಸಂದರ್ಭ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರಿಂದ ಪ್ರಮಾಣಿತ ಚಿಕಿತ್ಸಾ ಕ್ರಮಗಳನ್ನು ಪ್ರಕಟಿಸುತ್ತಿದೆ. ಇವುಗಳ ಬಗ್ಗೆ ವೈದ್ಯರ ಅಭಿಪ್ರಾಯವನ್ನು ಅಳೆಯುವಾಗ ಪರದೇಶದ ಪ್ರಶ್ನಾವಳಿಯನ್ನು ಹಾಗೆಯೇ ಬಳಸುವುದು ಸಾಲದು. ಒಬ್ಬರೇ ವೈದ್ಯಾಧಿಕಾರಿಯಿರುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಜ್ಞರ ತಂಡದ ಸಮನ್ವಯವನ್ನು ಕುರಿತ ಹೇಳಿಕೆಗೆ ಅರ್ಥವಿಲ್ಲ. ಸೂಚಿಸಿದ ಪರೀಕ್ಷೆ ಅಥವಾ ಔಷಧವೇ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗದಿದ್ದರೆ, ಅದರಿಂದ ಹುಟ್ಟುವ ಅಸಮಾಧಾನ ಪಥದ ದೋಷವೋ ಪೂರೈಕೆಯ ದೋಷವೋ ತಿಳಿಯುವಂತೆ ಲಭ್ಯತೆಯನ್ನು ಬೇರೆಯಾಗಿಯೇ ಕೇಳಬೇಕಾಗುತ್ತದೆ.

ತೃಪ್ತಿಯ ಅಂಕ, ಪಾಲನೆಯ ಪ್ರಮಾಣ ಮತ್ತು ವಿಚಲನೆಯ ದಾಖಲೆ ಈ ಮೂರನ್ನೂ ಕೂಡಿಸಿ ಓದಿದಾಗ ಮಾತ್ರ ಮಾಪನ ಪೂರ್ಣವಾಗುತ್ತದೆ. ಪಾಲನೆ ಹೆಚ್ಚಿದ್ದು ತೃಪ್ತಿ ಕಡಿಮೆಯಿದ್ದರೆ ಪಥ ಬಲವಂತದಿಂದ ನಡೆಯುತ್ತಿದೆಯೆಂದೂ, ತೃಪ್ತಿ ಹೆಚ್ಚಿದ್ದು ಪಾಲನೆ ಕಡಿಮೆಯಿದ್ದರೆ ಅದು ಕಾಗದದ ಮೇಲಷ್ಟೇ ಮೆಚ್ಚುಗೆ ಪಡೆದಿದೆಯೆಂದೂ ಊಹಿಸಬಹುದು. ಯಾವ ಚೌಕದಲ್ಲಿ ವಿಚಲನೆಗಳು ಮತ್ತೆ ಮತ್ತೆ ದಾಖಲಾಗಿವೆಯೋ ಪಥದ ತಿದ್ದುಪಡಿ ಆರಂಭವಾಗಬೇಕಾದದ್ದು ಅಲ್ಲಿಂದ.