ಆಬಟ್ಸ್‌ಫರ್ಡ್: ಯಜಮಾನನಿರುವಾಗಲೇ ಸ್ಮಾರಕವಾದ ಮನೆ

ಸಾಹಿತಿಯ ಮನೆ ಸ್ಮಾರಕವಾಗುವುದು ಸಾಮಾನ್ಯವಾಗಿ ಆತ ತೀರಿಕೊಂಡ ಮೇಲೆ. ಮಕ್ಕಳೋ ಸರ್ಕಾರವೋ ಮುಂದೆ ಬಂದು ಮೇಜು, ಕುರ್ಚಿ, ಕನ್ನಡಕಗಳನ್ನು ಜೋಡಿಸಿಡುತ್ತಾರೆ. ಸ್ಕಾಟ್‌ಲೆಂಡಿನ ಟ್ವೀಡ್ ನದಿಯ ದಂಡೆಯಲ್ಲಿರುವ ಆಬಟ್ಸ್‌ಫರ್ಡ್ ಈ ಸಾಲಿಗೆ ಸೇರುವುದಿಲ್ಲ. ಸರ್ ವಾಲ್ಟರ್ ಸ್ಕಾಟ್ (1771–1832) ಅದನ್ನು ಕಟ್ಟಿಸುವಾಗಲೇ ನೋಡಬರುವವರನ್ನು ಗಮನದಲ್ಲಿಟ್ಟುಕೊಂಡಿದ್ದ ಎನ್ನುವುದಕ್ಕೆ ಆ ಮನೆಯೇ ಸಾಕ್ಷಿ. ಅದು ಕೈತಪ್ಪದೆ ಉಳಿದದ್ದರಲ್ಲಿ ಮಾತ್ರ ಕೀರ್ತಿಯಷ್ಟೇ ಪಾಲು ಸಾಲಕ್ಕೂ ಇದೆ.

1811ರಲ್ಲಿ ಸ್ಕಾಟ್ ಕೊಂಡದ್ದು ಕಾರ್ಟ್ಲೀಹೋಲ್ ಎಂಬ ಸುಮಾರು 110 ಎಕರೆಯ ಬಡ ಜಮೀನು. ಮರುವರ್ಷ ಸಂಸಾರ ಸಮೇತ ಅಲ್ಲಿಗೆ ಬಂದ. ಮೊದಲು ಹಳೆಯ ರೈತಮನೆಗೆ ಕೋಣೆಗಳನ್ನು ಸೇರಿಸಿದ. 1822ರಲ್ಲಿ ಅದನ್ನೇ ಕೆಡವಿಸಿ, ವಿಲಿಯಂ ಅಟ್ಕಿನ್ಸನ್ನನ ನಕ್ಷೆಯಂತೆ 1824ರ ಹೊತ್ತಿಗೆ ಈಗಿನ ದೊಡ್ಡ ಮನೆ ಮುಗಿಸಿದ. ಹೊರನೋಟಕ್ಕೆ ಹಳೆಯ ಕೋಟೆ. ಒಳಗೆ ಆ ಕಾಲಕ್ಕೆ ಹೊಚ್ಚಹೊಸದಾಗಿದ್ದ ಗ್ಯಾಸ್ ದೀಪ.

ಹಜಾರದ ಗೋಡೆಗೆ ಡನ್‌ಫರ್ಮ್‌ಲಿನ್‌ನ ಹಳೆಯ ಚರ್ಚಿನ ಮರದ ಹಲಗೆಗಳಿವೆ. ತಲೆಯೆತ್ತಿದರೆ ಓಕ್ ಮರದ ಕೆತ್ತನೆಯಂತೆ ಕಾಣುವ ಅಲಂಕಾರ. ಅದರಲ್ಲಿ ಬಹುಪಾಲು ಅಚ್ಚಿನಲ್ಲಿ ಎರೆದ ಪ್ಲಾಸ್ಟರು. ಅದಕ್ಕೆ ಮರದ ಬಣ್ಣ ಬಳಿದವನು ಡೇವಿಡ್ ರಾಮ್ಸೆ ಹೇ. ಎಡಿನ್‌ಬರೋದ ಟೋಲ್‌ಬೂತ್ ಸೆರೆಮನೆಯನ್ನು 1817ರಲ್ಲಿ ಕೆಡವಿದಾಗ ಅದರ ಬಾಗಿಲನ್ನು ತರಿಸಿ ಸ್ಕಾಟ್ ತನ್ನ ಮನೆಯ ಗೋಡೆಗೆ ಕೂಡಿಸಿದ. ಅದೇ ಸೆರೆಮನೆಯನ್ನು ನಡುವಿಟ್ಟುಕೊಂಡ ಕಾದಂಬರಿ 'ದಿ ಹಾರ್ಟ್ ಆಫ್ ಮಿಡ್ಲೋದಿಯನ್' 1818ರಲ್ಲಿ ಹೊರಬಂತು. ಓದಿದ್ದನ್ನು ಕಣ್ಣಾರೆ ಕಾಣಲು ಬಂದವರಿಗೆ ಬಾಗಿಲು ಸಿದ್ಧವಾಗಿತ್ತು!

ತೋಟದ ವಿಚಾರವೇ ಬೇರೆ. ಮನೆಯ ಪಕ್ಕದ ಅಂಗಳಕ್ಕೂ ಗೋಡೆ ಸುತ್ತಿದ ಹೂವು–ತರಕಾರಿ ತೋಟಕ್ಕೂ ನಡುವೆ ಕಲ್ಲಿನ ಕಮಾನುಗಳ ಸಾಲಿದೆ. ಅಲ್ಲಿಯೂ ರೋಮನ್ ಕಾಲದ ಶಿಲ್ಪಗಳನ್ನು ಕೂಡಿಸದೆ ಬಿಟ್ಟಿಲ್ಲ. ಆದರೆ ಸ್ಕಾಟ್‌ಗೆ ನಿಜವಾದ ಹುಚ್ಚು ಮರಗಳದ್ದು. ಸುತ್ತಲಿನ ಜಮೀನುಗಳನ್ನು ಒಂದೊಂದಾಗಿ ಕೊಳ್ಳುತ್ತ ಎಸ್ಟೇಟನ್ನು ಸುಮಾರು 1,400 ಎಕರೆಗೆ ಬೆಳೆಸಿ, ಬೋಳುಗುಡ್ಡಗಳ ಮೇಲೆ ಕಾಡು ಹಬ್ಬಿಸಿದ. ಪಾಳುಭೂಮಿಯಲ್ಲಿ ಮರ ಬೆಳೆಸುವ ಬಗ್ಗೆ 1827ರಲ್ಲಿ 'ಕ್ವಾರ್ಟರ್ಲಿ ರಿವ್ಯೂ' ಪತ್ರಿಕೆಗೆ ದೀರ್ಘ ಲೇಖನವನ್ನೇ ಬರೆದ. ಈ ಕೆಲಸದಲ್ಲಿ ಅವನ ಬಲಗೈ ಟಾಮ್ ಪರ್ಡಿ. ಕದ್ದು ಬೇಟೆಯಾಡಿದ ಆರೋಪದ ಮೇಲೆ, ಷೆರಿಫ್ ಆಗಿದ್ದ ಸ್ಕಾಟ್‌ನ ಎದುರು ನಿಂತಿದ್ದ ಮನುಷ್ಯ ಆತ. 1829ರಲ್ಲಿ ಪರ್ಡಿ ತೀರಿಕೊಂಡಾಗ ಯಜಮಾನನೇ ಮೆಲ್ರೋಸ್ ಮಠದ ಆವರಣದಲ್ಲಿ ಸಮಾಧಿಕಲ್ಲು ನಿಲ್ಲಿಸಿದ. ಮನೆಯೊಳಗಿನ ಬಣ್ಣದ ಓಕ್‌ಗಿಂತ ಈ ಇಬ್ಬರು ನೆಟ್ಟ ಓಕ್ ನನಗೆ ಹೆಚ್ಚು ನಂಬಿಕೆಗೆ ಅರ್ಹವಾಗಿ ಕಾಣುತ್ತದೆ.

ನೋಡುಗರ ದಂಡು ಆಗಲೇ ಶುರುವಾಗಿತ್ತು. ವಾಷಿಂಗ್ಟನ್ ಇರ್ವಿಂಗ್ 1817ರಲ್ಲಿ ಬಂದ, ಮರಿಯಾ ಎಡ್ಜ್‌ವರ್ತ್ 1823ರಲ್ಲಿ, ವರ್ಡ್ಸ್‌ವರ್ತ್ 1831ರಲ್ಲಿ. ಅತಿಥಿಗಳು ಏಳುವ ಮುಂಚೆಯೇ ಸ್ಕಾಟ್ ಆ ದಿನದ ಬರವಣಿಗೆಯ ಬಹುಭಾಗ ಮುಗಿಸಿರುತ್ತಿದ್ದ. ಮಲಗುವ ಕೋಣೆಯಿಂದ ಯಾರ ಕಣ್ಣಿಗೂ ಬೀಳದೆ ಬರೆಯುವ ಕೋಣೆಗೆ ಇಳಿಯಲು ದಾರಿ ಮಾಡಿಸಿಕೊಂಡಿದ್ದ.

1826ರಲ್ಲಿ ಪ್ರಕಾಶಕರೂ ಮುದ್ರಕರೂ ದಿವಾಳಿಯಾದಾಗ ಸ್ಕಾಟ್‌ನ ತಲೆಯ ಮೇಲೆ ಬಿದ್ದ ಸಾಲ 1,20,000 ಪೌಂಡಿಗೂ ಹೆಚ್ಚು. ಹಿಂದಿನ ವರ್ಷವಷ್ಟೇ, ಹಿರಿಮಗನ ಮದುವೆಯಲ್ಲಿ, ಎಸ್ಟೇಟನ್ನು ಅವನ ಹೆಸರಿಗೆ ಬರೆದಿದ್ದರಿಂದ ಅದು ಹರಾಜಾಗಲಿಲ್ಲ. ಬರೆದೇ ತೀರಿಸುತ್ತೇನೆಂದು ಪಟ್ಟು ಹಿಡಿದ ಸ್ಕಾಟ್‌ಗೆ 1830ರಲ್ಲಿ ಸಾಲ ಕೊಟ್ಟವರೇ ಗ್ರಂಥಾಲಯವನ್ನೂ ಪೀಠೋಪಕರಣಗಳನ್ನೂ ಉಡುಗೊರೆಯಾಗಿ ಮರಳಿಸಿದರು. ಅವನು ತೀರಿಕೊಂಡ ಮರುವರ್ಷ, 1833ರಲ್ಲಿ, ಮನೆ ಸಾರ್ವಜನಿಕರಿಗೆ ತೆರೆಯಿತು.

ಈ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಸಾಲ ತೀರಿಸಲು ಬರೆಯುತ್ತಿದ್ದ ವರ್ಷಗಳಲ್ಲೇ ಸ್ಕಾಟ್ 'ದಿ ಸರ್ಜನ್ಸ್ ಡಾಟರ್' (1827) ಬರೆದ. ಹೈದರ್ ಅಲಿ, ಟಿಪ್ಪು ಇಬ್ಬರೂ ಅದರ ಪಾತ್ರಗಳು. ಭಾರತವನ್ನು ಕಾಣದ ಸ್ಕಾಟ್‌ಗೆ ಇಲ್ಲಿನ ವಿವರ ಒದಗಿಸಿದವನು ನೆರೆಯಲ್ಲೇ ಇದ್ದ ಕರ್ನಲ್ ಜೇಮ್ಸ್ ಫರ್ಗುಸನ್. ಆ ಕಾದಂಬರಿಯ ಬೆಂಗಳೂರು ಕೇಳಿದ ಮಾತಿನ ಬೆಂಗಳೂರು. ಮಗನಿಗೆ ಅದು ಕಂಡ ಊರಾಯಿತು. 15ನೇ ಹುಸಾರ್ಸ್ ಕುದುರೆಪಡೆಯ ಅಧಿಕಾರಿಯಾಗಿ ಬೆಂಗಳೂರು ದಂಡಿನಲ್ಲಿದ್ದ ಎರಡನೆಯ ಸರ್ ವಾಲ್ಟರ್, 1846ರ ಆಗಸ್ಟ್‌ನಲ್ಲಿ ಹುಲಿಬೇಟೆಗೆ ಹೋಗಿ ಬಿಸಿಲಿಗೆ ಬಿದ್ದು ಜ್ವರ ಹಿಡಿಸಿಕೊಂಡ. ಊರಿಗೆ ಮರಳುವ ಹಡಗಿನಲ್ಲೇ 1847ರ ಫೆಬ್ರವರಿಯಲ್ಲಿ ಸತ್ತ. ಮಕ್ಕಳಿರಲಿಲ್ಲ, ಬ್ಯಾರನೆಟ್ ಪದವಿ ಅಲ್ಲಿಗೇ ಮುಗಿಯಿತು. ಎಸ್ಟೇಟಿನ ಮೇಲೆ ಉಳಿದಿದ್ದ ಸಾಲವನ್ನು ಅದೇ ವರ್ಷ ಪ್ರಕಾಶಕ ರಾಬರ್ಟ್ ಕ್ಯಾಡೆಲ್ ಗ್ರಂಥಸ್ವಾಮ್ಯಕ್ಕೆ ಬದಲಾಗಿ ತೀರಿಸಿದ. ಮನೆ ಹೆಣ್ಣುಮಕ್ಕಳ ಕಡೆಗೆ ಹೋಯಿತು.

ಮೊಮ್ಮಗಳು ಷಾರ್ಲೆಟ್ ಮತ್ತು ಅವಳ ಗಂಡ ಜೇಮ್ಸ್ ಹೋಪ್-ಸ್ಕಾಟ್ ಪ್ರವಾಸಿಗರ ಕಾಟ ತಾಳಲಾರದೆ 1850ರ ದಶಕದಲ್ಲಿ ತಮಗಾಗಿ ಹೊಸ ಪಾರ್ಶ್ವ ಕಟ್ಟಿಸಿ, ನೋಡುಗರಿಗೆ ಬೇರೆ ಪ್ರವೇಶ ಮಾಡಿಸಿದರು. ವಂಶದ ಕೊನೆಯವಳಾಗಿ ಇಲ್ಲಿ ವಾಸವಿದ್ದ ಡೇಮ್ ಜೀನ್ ಮ್ಯಾಕ್ಸ್‌ವೆಲ್-ಸ್ಕಾಟ್ 2004ರಲ್ಲಿ ತೀರಿಕೊಂಡ ಮೇಲೆ ಆಡಳಿತ ಟ್ರಸ್ಟಿನ ಕೈಗೆ ಬಂತು. ಜೀರ್ಣೋದ್ಧಾರಗೊಂಡ ಮನೆ 2013ರಲ್ಲಿ ಮತ್ತೆ ತೆರೆಯಿತು. ನೋಡುಗರಿಂದ ತಪ್ಪಿಸಿಕೊಳ್ಳಲು ಕಟ್ಟಿಸಿದ ಆ ಪಾರ್ಶ್ವವನ್ನು ಟ್ರಸ್ಟು ಈಗ ಪ್ರವಾಸಿಗರ ವಸತಿಗೆ ಬಾಡಿಗೆ ಕೊಡುತ್ತದೆ.