‘ಕನ್ನಡ’ಕ್ಕೆ ಎಷ್ಟಕ್ಷರ?

ಪುಣೆಯ ಹಿಂಜವಾಡಿಯ ಐಟಿ ಪಾರ್ಕಿನಲ್ಲಿ ಪೈಥಾನ್‌ನ ಪುಟ್ಟ ಸ್ಕ್ರಿಪ್ಟ್ ಬರೆಯುವುದು ದಿನನಿತ್ಯದ ಕೆಲಸ. ಅಲ್ಲಿ ಕೂತ ಕನ್ನಡಿಗರೊಬ್ಬರು ‘ಕನ್ನಡ’ ಎಂಬ ಪದದ ಉದ್ದ ಕೇಳಿದರೆ ಪೈಥಾನ್ 5 ಎನ್ನುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಮೂರೇ: ಕ, ನ್ನ, ಡ. ಈ 5ರ ಹಿಂದಿನ ಕಥೆಯಲ್ಲಿ ಪುಣೆಗೂ ಪಾಲಿದೆ.

ಕಾನ್ಪುರದ ಐಐಟಿಯಲ್ಲಿ ಶುರುವಾದ ಭಾರತೀಯ ಲಿಪಿಗಳ ಗಣಕ ಕೆಲಸ 1988ರಿಂದ ಪುಣೆಯ ಸಿ-ಡ್ಯಾಕ್‌ನಲ್ಲಿ ಮುಂದುವರಿಯಿತು. ಆ ಹಾದಿಯಲ್ಲಿ ಬಂದ ಇಸ್ಕಿ ಸಂಕೇತ 1991ರಲ್ಲಿ ಭಾರತೀಯ ಮಾನಕವಾಯಿತು. ಬರಹವನ್ನು ಕಾಣುವಂತಲ್ಲ, ಉಚ್ಚರಿಸುವ ಕ್ರಮದಲ್ಲಿ ಉಳಿಸಬೇಕೆಂಬುದು ಅದರ ನಿಯಮ: ಕ, ನ, ಸ್ವರ ತೆಗೆಯುವ ಚಿಹ್ನೆ, ನ, ಡ. ಒಟ್ಟು ಐದು. ಯುನಿಕೋಡ್ ಕೂಡ ಕನ್ನಡಕ್ಕೆ ಜಾಗ ಕೊಟ್ಟದ್ದು ಇಸ್ಕಿಯ 1988ರ ರೂಪವನ್ನು ಆಧರಿಸಿಯೇ.

1991ರಲ್ಲೇ ಹೊರಬಂದ ಪೈಥಾನ್‌ಗೆ ಇದು ಒಗ್ಗಲು ಕಾಲ ಹಿಡಿಯಿತು. ಅದರ ಹಳೆಯ ಸಾಮಾನ್ಯ ಸ್ಟ್ರಿಂಗ್ ಬೈಟುಗಳನ್ನು ಎಣಿಸುತ್ತಿತ್ತು. ಯುಟಿಎಫ್-8ರಲ್ಲಿ ‘ಕನ್ನಡ’ಕ್ಕೆ 15. ಲೆಕ್ಕ 5ಕ್ಕೆ ಇಳಿದದ್ದು 2008ರ ಪೈಥಾನ್ 3ರಲ್ಲಿ.

ಇತ್ತ ಕರ್ನಾಟಕದ ಡಿಟಿಪಿ ಅಂಗಡಿಗಳೂ ಕಚೇರಿಗಳೂ ವರ್ಷಗಟ್ಟಲೆ ನುಡಿ, ಬರಹಗಳ ಫಾಂಟ್ ಸಂಕೇತದಲ್ಲೇ ಬೆರಳಚ್ಚು ಮಾಡಿದವು. ಅಲ್ಲಿ ಉಳಿಯುವುದು ಅಕ್ಷರವಲ್ಲ, ಆಕಾರದ ತುಣುಕು. ನುಡಿಯಲ್ಲಿ ‘ಸೂರ್ಯ’ದ ಅರ್ಕಾವತ್ತು ಯಕಾರದ ನಂತರ ಕೂರುತ್ತದೆ. ಯುನಿಕೋಡ್‌ಗೆ ದಾಟಿಸುವ ಸ್ಕ್ರಿಪ್ಟ್ ಅದನ್ನು ಯಕಾರಕ್ಕಿಂತ ಮೊದಲು ತರಬೇಕು. ತಪ್ಪಿದರೆ ಹುಡುಕಿದಾಗ ‘ಸೂರ್ಯ’ ಸಿಗುವುದೇ ಇಲ್ಲ.

ಹಾಗೆ ಸಿಗದೆ ಉಳಿದ ಕಥೆ, ಲೇಖನ, ದಾಖಲೆಗಳು ಹಳೆಯ ಡಿಸ್ಕುಗಳಲ್ಲಿ ಇನ್ನೂ ಇವೆ. ಅವನ್ನು ಎತ್ತಲು ದೊಡ್ಡ ತಂತ್ರಾಂಶವೇನೂ ಬೇಡ, ಚಿಕ್ಕ ಸ್ಕ್ರಿಪ್ಟ್ ಸಾಕು. ಆದರೆ ಬರೆಯುವವರಿಗೆ ಪೈಥಾನ್ ಜೊತೆಗೆ ಒತ್ತಕ್ಷರವೂ ಗೊತ್ತಿರಬೇಕು.